ಪ್ರಸಾರದ ಪರಿವರ್ತನೆಯೂ ಪ್ರಜೆಯ ಸಿದ್ಧತೆಯೂ

ಒಂದು ಕಾಲಕ್ಕೆ ನಮ್ಮ ಅನೇಕ ತಾಲೂಕು ಸ್ಥಳಗಳ ಹೊರವಲಯದಲ್ಲಿ ಎತ್ತರವಾದ ಕಬ್ಬಿಣದ ಗೋಪುರವೂ, ಅದರ ಬುಡದಲ್ಲಿ ಒಂದು ಚಿಕ್ಕ ಕಟ್ಟಡವೂ, ಬಾಗಿಲ ಬಳಿ 'ದೂರದರ್ಶನ ಮರುಪ್ರಸಾರ ಕೇಂದ್ರ' ಎಂಬ ಫಲಕವೂ ಊರಿನ ಅಭಿಮಾನದ ಗುರುತುಗಳಾಗಿ ನಿಂತಿದ್ದುವು. ಆ ಗೋಪುರದಿಂದ ಹೊರಟ ತರಂಗಗಳನ್ನು ಮಾಳಿಗೆಯ ಮೇಲಿನ ಆಂಟೆನಾ ಹಿಡಿಯುತ್ತಿತ್ತು. ಹಳೆಯ ಲೈಸೆನ್ಸಿನ ಪದ್ಧತಿ ಹೋದ ಮೇಲಂತೂ, ಟಿ.ವಿ. ಒಂದನ್ನು ಕೊಂಡವನು ಮುಂದೆ ಯಾರಿಗೂ ತಿಂಗಳ ಬಾಡಿಗೆ ತೆರಬೇಕಾಗಿರಲಿಲ್ಲ. ಇಂದು ಆ ಪ್ರಸಾರವು ನಿಂತುಹೋಗಿದೆ. ಆಯಕಟ್ಟಿನ ಸ್ಥಳಗಳಲ್ಲಿಯ ಸುಮಾರು ೫೦ ಯಂತ್ರಗಳನ್ನುಳಿದು ಮಿಕ್ಕ ಅನಲಾಗ್ ಪ್ರಸಾರಯಂತ್ರಗಳೆಲ್ಲವನ್ನೂ ೨೦೨೨ನೆಯ ಇಸವಿಯ ಮಾರ್ಚ್ ೩೧ರೊಳಗೆ ನಿಲ್ಲಿಸುವುದಾಗಿ ಪ್ರಸಾರ ಭಾರತಿಯವರು ೨೦೨೧ರ ಅಕ್ಟೋಬರಿನಲ್ಲಿ ಪ್ರಕಟಿಸಿದರು. ನೂರಕ್ಕೆ ೭೦ರಷ್ಟು ಯಂತ್ರಗಳು ಅದಕ್ಕೆ ಮೊದಲೇ ನಿಂತಾಗಿದ್ದುವು.

ಪೇಟೆಗಳಲ್ಲಿ ಇದು ಸುದ್ದಿಯಾಗಲಿಲ್ಲ. ಕೇಬಲ್ಲಿನ ತಂತಿಯನ್ನೋ ಖಾಸಗಿ ಕಂಪನಿಯ ಡಿಶ್ಶನ್ನೋ ಮನೆಗೆ ತಂದು ಎಷ್ಟೋ ವರ್ಷಗಳಾಗಿದ್ದ ನಮ್ಮಂಥವರಿಗೆ ಗೋಪುರ ನಿಂತದ್ದು ತಿಳಿಯಲಿಲ್ಲ, ತಿಳಿದುಕೊಳ್ಳುವ ಅಗತ್ಯವೂ ತೋರಲಿಲ್ಲ. ಆದರೆ ಒಂದು ಸಾರ್ವಜನಿಕ ಸೌಕರ್ಯವನ್ನು ಸರಕಾರದವರು ಹಿಂದಕ್ಕೆ ತೆಗೆದುಕೊಳ್ಳುವಾಗ, ಅದನ್ನುಳಿದು ಬೇರೆ ಗತಿಯಿಲ್ಲದವರ ಮನೆಯಲ್ಲಿ ಏನಾಯಿತೆಂದು ಕೇಳುವುದು ಪತ್ರಿಕೆಗಳ ಕರ್ತವ್ಯವಾಗಿದೆ. ಆ ಕರ್ತವ್ಯವನ್ನು ನಾವು ಪತ್ರಿಕೆಯವರು ಆ ಸಮಯದಲ್ಲಿ ಸಾಕಷ್ಟು ನಿರ್ವಹಿಸಲಿಲ್ಲವೆಂಬುದನ್ನು ಒಪ್ಪಿಕೊಂಡೇ ಮುಂದಿನ ಮಾತುಗಳನ್ನಾಡುತ್ತೇವೆ. ಇದನ್ನು ಈಗ ಎತ್ತಲು ಕಾರಣವೂ ಉಂಟು. ದೂರದರ್ಶನದಲ್ಲಿ ಬಹುಮಟ್ಟಿಗೆ ಮುಗಿದಿರುವ ಪರಿವರ್ತನೆಯು ರೇಡಿಯೋದಲ್ಲಿ ಈಗ ಕಾಲೂರುತ್ತಿದೆ. ಹಿಂದಿನ ಪಾಠವನ್ನು ಓದದೆ ಮುಂದಿನ ಪರೀಕ್ಷೆಗೆ ಕುಳಿತವನ ಪಾಡೇನೆಂಬುದನ್ನು ಅಧಿಕಾರಿವರ್ಗಕ್ಕೆ ನಾವು ವಿವರಿಸಬೇಕಾಗಿಲ್ಲ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸುತ್ತೇವೆ. ನಾವು ಡಿಜಿಟಲ್ ಪದ್ಧತಿಯ ವಿರೋಧಿಗಳಲ್ಲ. ಅನಲಾಗ್ ಪ್ರಸಾರದಲ್ಲಿ ಚಿತ್ರದ ಬೆಳಕು ನೆರಳುಗಳ ಏರಿಳಿತವನ್ನೇ ತರಂಗದ ಏರಿಳಿತವನ್ನಾಗಿ ಮಾಡಿ ಕಳುಹುತ್ತಾರೆ. ಡಿಜಿಟಲ್ ಪ್ರಸಾರದಲ್ಲಿಯಾದರೋ ಅದನ್ನು ಸೊನ್ನೆ ಮತ್ತು ಒಂದುಗಳ ಲೆಕ್ಕವಾಗಿ ಬರೆದು, ಚಿತ್ರದಲ್ಲಿಯ ಪುನರುಕ್ತಿಯನ್ನು ಕತ್ತರಿಸಿ, ಅಡಕಮಾಡಿ ಕಳುಹುತ್ತಾರೆ. ಹೀಗಾಗಿ ಹಿಂದೆ ಒಂದೇ ಕಾರ್ಯಕ್ರಮವನ್ನು ಹೊರುತ್ತಿದ್ದ ತರಂಗಾವಕಾಶದಲ್ಲಿ ಈಗ ಹಲವು ಕಾರ್ಯಕ್ರಮಗಳು ಸಾಗುತ್ತವೆ. ಚಿತ್ರವೂ ಧ್ವನಿಯೂ ನಿರ್ಮಲವಾಗುತ್ತವೆ. ಮಿಕ್ಕ ಅವಕಾಶವನ್ನು ಮೊಬೈಲ್ ದೂರವಾಣಿಯೇ ಮೊದಲಾದ ಕೆಲಸಗಳಿಗೆ ಕೊಡಬಹುದು. ಸರಕಾರಗಳು ಈ ಕಾರ್ಯಕ್ಕೆ ಕೈಹಾಕಿದ್ದು ಪ್ರಜೆಗಳಿಗೆ ಚೆಲುವಾದ ಚಿತ್ರವನ್ನು ತೋರಿಸಬೇಕೆಂಬ ಒಂದೇ ಆಶೆಯಿಂದಲ್ಲವೆಂಬುದೂ ಸತ್ಯವೇ. ಅಮೇರಿಕದವರು ಹೀಗೆ ತೆರವಾದ ತರಂಗಾಂತರವನ್ನು ೨೦೦೮ರಲ್ಲಿ ಹರಾಜು ಹಾಕಿ ಸುಮಾರು ೧,೯೦೦ ಕೋಟಿ ಡಾಲರುಗಳನ್ನು ಗಳಿಸಿದರು. ಗಾಳಿಯಲ್ಲಿ ಇಷ್ಟು ಹಣವಿದ್ದೀತೆಂದು ಮಾರ್ಕೋನಿಯಾದರೂ ಎಣಿಸಿರಲಾರನು.

ಆದರೆ ಈ ಹೊಸ ಪದ್ಧತಿಗೆ ಒಂದು ಸ್ವಭಾವವಿದೆ. ಅನಲಾಗ್ ಪ್ರಸಾರವು ದೂರ ಹೋದಂತೆಲ್ಲ ಕ್ರಮಕ್ರಮವಾಗಿ ಕ್ಷೀಣಿಸುತ್ತಿತ್ತು. ಗೋಪುರಕ್ಕೆ ದೂರವಾದ ಹಳ್ಳಿಯಲ್ಲಿ ಚಿತ್ರದ ಮೇಲೆ ಚುಕ್ಕೆಗಳ ಸುರಿಮಳೆಯಾದರೂ ಮುಖ ಕಾಣುತ್ತಿತ್ತು, ಮಾತು ಕೇಳುತ್ತಿತ್ತು, ಮನೆಯ ಹುಡುಗನೊಬ್ಬನು ಮಾಳಿಗೆ ಹತ್ತಿ ಆಂಟೆನಾ ತಿರುಗಿಸುತ್ತ "ಈಗ ಬಂತೇ?" ಎಂದು ಕೂಗುವುದು, ಒಳಗಿನವರು "ಇನ್ನೂ ಸ್ವಲ್ಪ" ಎನ್ನುವುದು ಆ ಕಾಲದ ಸಂಸಾರದ ಒಂದು ವಿಧಿಯೇ ಆಗಿತ್ತು. ಡಿಜಿಟಲ್ಲಿನಲ್ಲಿ ಈ ನಡುವಿನ ಸ್ಥಿತಿಯಿಲ್ಲ. ತರಂಗದ ಬಲವು ಒಂದು ಮಿತಿಯ ಮೇಲಿದ್ದರೆ ಚಿತ್ರವು ಪೂರ್ಣವಾಗಿ ಬರುತ್ತದೆ. ಮಿತಿಗೆ ತುಸು ಕೆಳಗಿಳಿದರೆ ಚೌಕಚೌಕವಾಗಿ ಒಡೆದು, ಸ್ತಬ್ಧವಾಗಿ, ಕತ್ತಲಾಗುತ್ತದೆ. ಹಳೆಯ ಟಿ.ವಿ.ಗೆ ತಕ್ಕ ಪೆಟ್ಟಿಗೆಯನ್ನು ಜೋಡಿಸದಿದ್ದರಂತೂ ಏನೂ ಬಾರದು. ಆದುದರಿಂದ ಪರಿವರ್ತನೆಯ ದಿನಕ್ಕೆ ಸಿದ್ಧವಾಗದ ಮನೆಗೆ ಅರ್ಧ ಪ್ರಯೋಜನವೆಂಬುದಿಲ್ಲ. ಯಂತ್ರದ ಈ ಗುಣವನ್ನು ಅರಿತ ದೇಶಗಳು ಪ್ರಸಾರ ಕೇಂದ್ರದ ಸಿದ್ಧತೆಗಿಂತ ಮನೆಯ ಸಿದ್ಧತೆಗೆ ಹೆಚ್ಚು ಯೋಚಿಸಬೇಕಾಯಿತು.

ಅಮೇರಿಕದ ಅನುಭವವು ಇಲ್ಲಿ ವಿಚಾರಾರ್ಹವಾದುದು. ಅಲ್ಲಿಯ ಪ್ರತಿನಿಧಿ ಸಭೆಗಳು ೨೦೦೯ರ ಫೆಬ್ರವರಿ ೧೭ನ್ನು ಕೊನೆಯ ದಿನವೆಂದು ಗೊತ್ತುಮಾಡಿ, ಹಳೆಯ ಟಿ.ವಿ.ಗೆ ಜೋಡಿಸುವ ಪೆಟ್ಟಿಗೆಯನ್ನು ಕೊಳ್ಳಲು ಮನೆಯೊಂದಕ್ಕೆ ಎರಡರಂತೆ, ತಲಾ ೪೦ ಡಾಲರು ಬೆಲೆಯ ಚೀಟಿಗಳನ್ನು ಹಂಚಬೇಕೆಂದು ವಿಧಿಸಿ, ಅದಕ್ಕಾಗಿ ೧೫೦ ಕೋಟಿ ಡಾಲರುಗಳವರೆಗೆ ವೆಚ್ಚಮಾಡಲು ಅನುಮತಿಯಿತ್ತುವು. ಅಂದರೆ ತರಂಗಾಂತರವನ್ನು ಮಾರಿ ಬಂದ ಹಣದಲ್ಲಿ ಹನ್ನೆರಡನೆಯ ಒಂದು ಪಾಲಿಗೂ ಕಡಿಮೆಯಾದ ಹಣವು, ಯಾರ ಮನೆಯ ಪ್ರಸಾರವು ಇದಕ್ಕಾಗಿ ನಿಲ್ಲುವುದೋ ಅವರಿಗೆ ಹಿಂದಿರುಗಿತು. ಉದಾರವಲ್ಲ, ಆದರೆ ನ್ಯಾಯವಾದ ಕ್ರಮ. ಆದಾಗ್ಯೂ ಎಡವಿದ್ದುಂಟು. ಚೀಟಿಗೆ ೯೦ ದಿನಗಳ ಅವಧಿಯನ್ನು ಹಾಕಿದ್ದರು. ಚೀಟಿ ಕೈಗೆ ಬಂದಾಗ ಅನೇಕ ಕಡೆಗಳಲ್ಲಿ ಪೆಟ್ಟಿಗೆ ಅಂಗಡಿಗೆ ಬಂದಿರಲಿಲ್ಲ. ಪೆಟ್ಟಿಗೆ ಬರುವಷ್ಟರಲ್ಲಿ ಚೀಟಿಯ ಅವಧಿ ಮುಗಿದಿತ್ತು. ೨೦೦೯ರ ಜನವರಿಯ ಆರಂಭಕ್ಕೆ ಗೊತ್ತುಮಾಡಿದ ಹಣವೂ ತೀರಿ, ಲಕ್ಷಗಟ್ಟಲೆ ಅರ್ಜಿಗಳು ಸರದಿಯಲ್ಲಿ ನಿಂತುವು. ಆಗ ಹೊಸದಾಗಿ ಅಧಿಕಾರ ವಹಿಸಿದ ಅಧ್ಯಕ್ಷ ಒಬಾಮಾ ಅವರ ಕಾಲದಲ್ಲಿ ಇನ್ನೊಂದು ಕಾಯಿದೆಯನ್ನೇ ಮಾಡಿ, ಕೊನೆಯ ದಿನವನ್ನು ಜೂನ್ ೧೨ಕ್ಕೆ ಮುಂದೂಡಿದರು. ಅವಧಿ ಮೀರಿದ ಚೀಟಿಗಳಿಗೆ ಬದಲು ಚೀಟಿ ಕೊಡಲೂ ಒಪ್ಪಿದರು. ಇದಕ್ಕೂ ಮೊದಲು, ೨೦೦೮ರ ಸೆಪ್ಟೆಂಬರ್ ೮ರಂದು ವಿಲ್ಮಿಂಗ್ಟನ್ ಎಂಬ ಒಂದೇ ನಗರದಲ್ಲಿ ಪ್ರಯೋಗ ಮಾಡಿ, ಜನರಿಗೆ ತೊಡಕಾಗುವುದು ಎಲ್ಲಿ ಎಂಬುದನ್ನು ನೋಡಿಕೊಂಡಿದ್ದರು. ಪೆಟ್ಟಿಗೆ ಕೊಂಡವರೂ ಆಂಟೆನಾ ಸರಿಯಿಲ್ಲದೆ, ಚಾನೆಲ್ಲುಗಳನ್ನು ಹೊಸದಾಗಿ ಹುಡುಕಿಸುವ ಗುಂಡಿ ಯಾವುದೆಂದು ತಿಳಿಯದೆ ಕಷ್ಟಪಟ್ಟುದು ಅಲ್ಲಿ ಗೊತ್ತಾಯಿತು. ಹವಾಯಿ ದ್ವೀಪಗಳಲ್ಲಂತೂ, ಬೆಟ್ಟದ ಮೇಲಿನ ಹಳೆಯ ಗೋಪುರಗಳನ್ನು ಕೀಳುವ ಕೆಲಸವು ಒಂದು ಜಾತಿಯ ಕಡಲಹಕ್ಕಿ ಗೂಡುಕಟ್ಟುವ ಕಾಲಕ್ಕೆ ಅಡ್ಡಬಾರದೆಂದು ಜನವರಿಯಲ್ಲೇ ಪರಿವರ್ತನೆಯನ್ನು ಮುಗಿಸಿದರು. ಹಕ್ಕಿಯ ಗೂಡಿನ ಲೆಕ್ಕವನ್ನೂ ಇಟ್ಟ ಆ ವಿವೇಚನೆಯಲ್ಲಿ ಒಂದಂಶವಾದರೂ ನಮ್ಮಲ್ಲಿಯ ಮನುಷ್ಯರ ಮನೆಗಳಿಗೆ ದೊರೆಯಿತೇ ಎಂದು ಕೇಳುವ ಆಶೆಯಾಗುತ್ತದೆ.

ಬ್ರಿಟಿಷರ ರೀತಿ ಬೇರೆ. ಅವರು ಇಡೀ ದೇಶಕ್ಕೆ ಒಂದೇ ದಿನವನ್ನಿಡದೆ, ೨೦೦೭ರಲ್ಲಿ ವೈಟ್‌ಹೇವನ್ ಎಂಬ ಚಿಕ್ಕ ಊರಿನಿಂದ ಆರಂಭಿಸಿ, ಪ್ರಾಂತ ಪ್ರಾಂತವಾಗಿ ಮುಂದುವರಿದು, ೨೦೧೨ರ ಅಕ್ಟೋಬರ್ ೨೪ರಂದು ಉತ್ತರ ಐರ್ಲೆಂಡಿನಲ್ಲಿ ಮುಗಿಸಿದರು. ೭೫ ವಯಸ್ಸು ದಾಟಿದವರಿಗೂ, ಅಂಧರಿಗೂ, ಅಂಗವಿಕಲರಿಗೂ ಪೆಟ್ಟಿಗೆಯನ್ನು ಕೊಡುವುದಷ್ಟೇ ಅಲ್ಲ, ಮನೆಗೆ ಹೋಗಿ ಜೋಡಿಸಿ, ಬಳಸುವುದನ್ನು ಕಲಿಸಿ ಬರುವ ಒಂದು ಸಹಾಯ ಯೋಜನೆಯನ್ನೇ ನಡೆಸಿದರು. ನಮ್ಮನ್ನಾಳಿದವರ ಎಲ್ಲ ಪದ್ಧತಿಗಳನ್ನೂ ಪ್ರಶ್ನಿಸದೆ ಉಳಿಸಿಕೊಂಡ ನಮ್ಮ ಕಚೇರಿಗಳು, ಉಳಿಸಿಕೊಳ್ಳಲು ಯೋಗ್ಯವಾದ ಇಂಥ ಕ್ರಮವನ್ನು ಮಾತ್ರ ಕಲಿಯದೆ ಹೋದುವು.

ಇನ್ನು ನಮ್ಮ ದೇಶದ ಕಥೆ. ಇಲ್ಲಿ ಪರಿವರ್ತನೆಯು ಎರಡು ದಾರಿಗಳಲ್ಲಿ ನಡೆಯಿತು. ಒಂದು ಕೇಬಲ್ಲಿನದು, ಇನ್ನೊಂದು ದೂರದರ್ಶನದ ಗೋಪುರಗಳದು. ಕೇಬಲ್ಲಿನ ಕಾರ್ಯವು ಗದ್ದಲದಿಂದಲೂ ಗೋಪುರಗಳದು ನಿಶ್ಶಬ್ದವಾಗಿಯೂ ಜರುಗಿದುವು. ೧೯೯೫ರ ಕೇಬಲ್ ಕಾಯಿದೆಗೆ ೨೦೧೧ರಲ್ಲಿ ತಿದ್ದುಪಡಿ ತಂದು ನಾಲ್ಕು ಹಂತಗಳನ್ನು ಏರ್ಪಡಿಸಿದರು. ದಿಲ್ಲಿ, ಮುಂಬಯಿ, ಕಲಕತ್ತಾ, ಮದ್ರಾಸು ನಗರಗಳಿಗೆ ೨೦೧೨ರ ಜೂನ್ ೩೦ ಎಂದಿದ್ದುದು ಅಕ್ಟೋಬರ್ ೩೧ಕ್ಕೆ ಹೋಯಿತು. ಬೆಂಗಳೂರು ಮೈಸೂರುಗಳು ಸೇರಿದ ೩೮ ನಗರಗಳಿಗೆ ೨೦೧೩ರ ಮಾರ್ಚ್ ೩೧ ಗೊತ್ತಾಯಿತು. ಹುಬ್ಬಳ್ಳಿ ಧಾರವಾಡಗಳಂಥ ಉಳಿದ ಪಟ್ಟಣಗಳಿಗೆ ೨೦೧೫ರ ಡಿಸೆಂಬರ್ ೩೧, ಹಳ್ಳಿಗಾಡಿಗೆ ೨೦೧೬ರ ಡಿಸೆಂಬರ್ ೩೧. ಆ ಕೊನೆಯದೂ ೨೦೧೭ರ ಮಾರ್ಚ್ ೩೧ಕ್ಕೆ ಜಾರಿತು. ನಡುವೆ ಕೆಲವು ಹೈಕೋರ್ಟುಗಳ ಮುಂದೆ ವ್ಯಾಜ್ಯಗಳು ನಡೆದುವು. ಮದ್ರಾಸಿನಲ್ಲಿ ಮೊದಲನೆಯ ಹಂತವೇ ವರ್ಷಗಟ್ಟಲೆ ನೆನೆಗುದಿಗೆ ಬಿದ್ದಿತು.

ಈ ಕಾಯಿದೆಯ ಅಗತ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಅನಲಾಗ್ ಕೇಬಲ್ಲಿನ ಕಾಲದಲ್ಲಿ ಬೀದಿಯ ಕೇಬಲ್ಲಿನವನು ಎಷ್ಟು ಮನೆಗಳಿಗೆ ತಂತಿ ಎಳೆದಿರುವನೆಂಬುದು ಅವನಿಗೂ ದೇವರಿಗೂ ಮಾತ್ರ ತಿಳಿದ ಸಂಗತಿಯಾಗಿತ್ತು. ಚಾನೆಲ್ಲಿನ ಕಂಪನಿಗಳು ತಮಗೆ ಬರಬೇಕಾದ ಹಣ ಬರುತ್ತಿಲ್ಲವೆಂದುವು. ಸರಕಾರದವರು ಮನರಂಜನಾ ತೆರಿಗೆ ಬರುತ್ತಿಲ್ಲವೆಂದರು. ಮನೆಮನೆಗೆ ಪೆಟ್ಟಿಗೆಯಿಟ್ಟರೆ ಮನೆಗಳ ಎಣಿಕೆ ತಾನೇ ಆಗುವುದೆಂಬುದು ಯೋಜನೆಯ ಮರ್ಮವಾಗಿತ್ತು. ಆದರೆ ವಾಚಕರು ಗಮನಿಸಬೇಕಾದುದೇನೆಂದರೆ, ಎಣಿಕೆಯಿಂದ ಲಾಭ ಪಡೆದವರು ಚಾನೆಲ್ಲಿನವರು, ಕೇಬಲ್ ಕಂಪನಿಗಳು ಮತ್ತು ಖಜಾನೆ. ಎಣಿಸುವ ಯಂತ್ರದ ಬೆಲೆಯನ್ನು ತೆತ್ತವನು ಮಾತ್ರ ಎಣಿಕೆಗೆ ಒಳಗಾದ ಗೃಹಸ್ಥ. ನಮ್ಮ ರಾಜ್ಯದಲ್ಲಿ ಪೆಟ್ಟಿಗೆಯನ್ನು ಜನರು ಕೈಯಿಂದ ಹಣ ಹಾಕಿಯೇ ತಂದರು. ಆ ಪೆಟ್ಟಿಗೆಗಳಲ್ಲಿಯೂ ಬಹುಪಾಲು ಪರದೇಶದಿಂದ ಬಂದವು. ಗೊತ್ತಾದ ತಾರೀಖಿನೊಳಗೆ ಕೋಟಿಗಟ್ಟಲೆ ಪೆಟ್ಟಿಗೆಗಳು ಬೇಕಾಗುವುವೆಂಬುದು ಕಾಯಿದೆ ಬರೆದವರಿಗೆ ಮೊದಲೇ ತಿಳಿದಿದ್ದಾಗ, ಅವನ್ನು ಇಲ್ಲಿಯೇ ತಯಾರಿಸಲು ಇಲ್ಲಿಯ ಕಾರಖಾನೆಗಳಿಗೆ ಕಾಲಾವಕಾಶ ಕೊಡದಿದ್ದುದು ಅಕ್ಷಮ್ಯವಾದ ಅಲಕ್ಷ್ಯ. ಒಳಗಿನ ಗೂಢಲಿಪಿಯ ತಂತ್ರವನ್ನು ಮುಂದೆ ಬೆಂಗಳೂರಿನ ಒಂದು ಸಂಸ್ಥೆಯೇ ಸ್ವದೇಶಿಯಾಗಿ ಸಿದ್ಧಪಡಿಸಿ ತೋರಿಸಿತು. ಆದರೆ ಅಷ್ಟರಲ್ಲಿ ಪೇಟೆಗಳ ಮನೆಗಳೆಲ್ಲ ಪರದೇಶದ ಪೆಟ್ಟಿಗೆಗಳಿಂದ ತುಂಬಿದ್ದುವು.

ನೆರೆಯ ತಮಿಳುನಾಡಿನವರು ವ್ಯಾಜ್ಯ ಹೂಡಿ ತಡಮಾಡಿದರೆಂದು ಆಗ ಹಲವರು ನಕ್ಕರು. ಆದರೆ ಅಲ್ಲಿಯ ಸರಕಾರವು ತನ್ನದೇ ಆದ ಅರಸು ಕೇಬಲ್ ಸಂಸ್ಥೆಗೆ ೨೦೧೭ರಲ್ಲಿ ಲೈಸೆನ್ಸು ದೊರೆತೊಡನೆ ಚಂದಾದಾರರಿಗೆ ಪೆಟ್ಟಿಗೆಗಳನ್ನು ಬೆಲೆಯಿಲ್ಲದೆ ಹಂಚಿತು. ಇದರಲ್ಲಿ ಮತಗಳ ಆಶೆಯೂ ಬೆರೆತಿರಬಹುದು. ಆದರೂ ಮನೆಯವರ ಮೇಲೆ ಬೀಳುವ ಭಾರವನ್ನು ರಾಜ್ಯವೊಂದು ತನ್ನ ಲೆಕ್ಕದಲ್ಲಿ ಬರೆದುಕೊಳ್ಳುವುದು ಅಸಾಧ್ಯವಲ್ಲವೆಂಬುದು ಅದರಿಂದ ಸಿದ್ಧವಾಯಿತು.

ಕೇಬಲ್ಲಿನ ಮಾತು ಇಲ್ಲಿಗೆ ಸಾಕು. ಅದು ಹೇಗೂ ಹಣ ತೆತ್ತು ನೋಡುವವರ ವ್ಯವಹಾರ. ನಮ್ಮ ಮುಖ್ಯ ಆಕ್ಷೇಪಣೆಯಿರುವುದು ಗೋಪುರಗಳ ವಿಷಯದಲ್ಲಿ. ಇದನ್ನು ಚೆನ್ನಾಗಿ ಅರಿಯಬೇಕಾದರೆ ಕರ್ನಾಟಕದ ಹಳ್ಳಿಗಳಿಗೆ ದೂರದರ್ಶನವು ಮೊದಲಿಗೆ ಹೇಗೆ ಬಂದಿತೆಂಬುದನ್ನು ನೆನೆಯಬೇಕು. ೧೯೭೫ರ ಆಗಸ್ಟ್ ೧ರಿಂದ ಒಂದು ವರ್ಷದವರೆಗೆ, ಅಮೇರಿಕದಿಂದ ಎರವಾಗಿ ಪಡೆದ ಒಂದು ಉಪಗ್ರಹದ ಮೂಲಕ ಆರು ರಾಜ್ಯಗಳ ೨,೪೦೦ ಹಳ್ಳಿಗಳಿಗೆ ಶಿಕ್ಷಣ ಕಾರ್ಯಕ್ರಮಗಳನ್ನು ಕಳುಹುವ 'ಸೈಟ್' ಎಂಬ ಪ್ರಯೋಗವು ನಡೆಯಿತು. ನಮ್ಮ ರಾಯಚೂರು, ಗುಲಬರ್ಗಾ, ವಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದುವು. ಬೆಳಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಕಾರ್ಯಕ್ರಮ. ಬಡ ದೇಶವೊಂದು ಆ ಕಾಲದಲ್ಲಿ ಇದನ್ನು ಮಾಡಿದ ರೀತಿಯನ್ನು ನೋಡಿರಿ. ಸ್ವೀಕಾರಯಂತ್ರಗಳನ್ನು ಹೈದರಾಬಾದಿನ ಸರಕಾರಿ ಕಾರಖಾನೆಯಲ್ಲಿ ಮಾಡಿಸಿದರು. ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ಅಗ್ಗವಾದ ದೊಡ್ಡ ಡಿಶ್ಶುಗಳನ್ನು ಕಟ್ಟಿದರು. ಅವನ್ನು ಸಾರ್ವಜನಿಕ ಸ್ಥಳಗಳಲ್ಲಿ ಇಟ್ಟು, ಕೆಟ್ಟರೆ ರಿಪೇರಿ ಮಾಡಲು ಜನರನ್ನು ನೇಮಿಸಿದರು. ಅಂದರೆ ಆಕಾಶದಿಂದ ಏನು ಬರುವುದೆಂಬುದರಷ್ಟೇ, ಅದು ನೆಲದ ಮೇಲೆ ಯಾರ ಕಣ್ಣಿಗೆ ಬೀಳುವುದೆಂಬ ಯೋಚನೆಯನ್ನೂ ಅವರು ಮಾಡಿದ್ದರು. ಪ್ರಯೋಗ ಮುಗಿದ ಮೇಲೆ ೧೯೭೭ರಲ್ಲಿ ಗುಲಬರ್ಗಾದಲ್ಲಿ ಪ್ರಸಾರಯಂತ್ರವು ನೆಲೆಗೊಂಡಿತು. ಬೆಂಗಳೂರು ಕೇಂದ್ರ ತೆರೆದದ್ದು ೧೯೮೧ರಲ್ಲಿ. ರಾಜಧಾನಿಗಿಂತ ಮೊದಲು ಗುಲಬರ್ಗಾಕ್ಕೆ ಬಂದ ಸೌಕರ್ಯಗಳ ಪಟ್ಟಿ ಬಹಳ ಉದ್ದವಾದುದೇನಲ್ಲ, ಇದು ಅವುಗಳಲ್ಲೊಂದು.

ನಲವತ್ತೈದು ವರ್ಷಗಳ ತರುವಾಯ ಅದೇ ದೇಶವು ಅದೇ ಜನರಿಂದ ಗೋಪುರದ ಪ್ರಸಾರವನ್ನು ಹಿಂದೆಗೆದುಕೊಳ್ಳುವಾಗ ಹೇಗೆ ನಡೆದುಕೊಂಡಿತು? ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದವರು, ಅಂದರೆ ಟ್ರಾಯ್‌ನವರು, ೨೦೧೭ರ ಜನವರಿಯಲ್ಲಿ ವಿವೇಕಯುತವಾದ ಶಿಫಾರಸನ್ನೇ ಮಾಡಿದ್ದರು. ಮಹಾನಗರಗಳಿಂದ ಮೊದಲ್ಗೊಂಡು ಮೂರು ಹಂತಗಳಲ್ಲಿ, ಗೋಪುರಗಳಿಂದಲೇ ಹೊರಡುವ ಡಿಜಿಟಲ್ ಪ್ರಸಾರವನ್ನು ಬೆಳೆಸುತ್ತ, ೨೦೨೩ರ ಕೊನೆಗೆ ಅನಲಾಗ್ ಪ್ರಸಾರವನ್ನು ಮುಗಿಸಬೇಕೆಂದು ಅವರು ಹೇಳಿದ್ದರು. ಗೋಪುರದ ಡಿಜಿಟಲ್ ಪ್ರಸಾರವು ಅದಕ್ಕೂ ಮೊದಲೇ, ೨೦೧೬ರ ಫೆಬ್ರವರಿಯಲ್ಲಿ, ಬೆಂಗಳೂರೂ ಸೇರಿದಂತೆ ೧೬ ನಗರಗಳಲ್ಲಿ ಆರಂಭವಾಗಿಯೂ ಇತ್ತು. ಆದರೆ ಅದನ್ನು ಹಿಡಿಯುವ ಯಂತ್ರವು ಸಾಮಾನ್ಯರ ಮನೆಯಲ್ಲಿರಲಿಲ್ಲ. ಅಂಗಡಿಯಲ್ಲಿಯೂ ಸುಲಭವಾಗಿ ಸಿಕ್ಕುತ್ತಿರಲಿಲ್ಲ. ಕೇಳುವವರಿಲ್ಲದ ಸಭೆಯಲ್ಲಿ ಭಾಷಣ ಮಾಡಿದಂತೆ ಅದು ನಡೆಯಿತು. ಕಡೆಗೆ ಹಳೆಯ ಪ್ರಸಾರವು ಟ್ರಾಯ್ ಹೇಳಿದ್ದಕ್ಕಿಂತ ಬೇಗನೆ ನಿಂತಿತು. ಅದರ ಸ್ಥಾನದಲ್ಲಿ ಗೋಪುರದ ಹೊಸ ಪ್ರಸಾರವು ಹಳ್ಳಿಗಳಿಗೆ ಬರಲೇ ಇಲ್ಲ. ಬೇಕಾದವರು ಡಿಶ್ಶನ್ನೂ ಪೆಟ್ಟಿಗೆಯನ್ನೂ ಕೊಂಡು, ಉಪಗ್ರಹದಿಂದ ಬರುವ 'ಡಿಡಿ ಫ್ರೀ ಡಿಶ್' ನೋಡಿಕೊಳ್ಳಲಿ ಎಂಬುದು ಉಳಿದ ಉಪಾಯ.

ಆಡಳಿತದವರ ಕಡೆಯ ವಾದವೂ ಇದೆ. ಅದನ್ನು ಮರೆಮಾಚುವುದು ನ್ಯಾಯವಲ್ಲ. ಹಳೆಯ ಯಂತ್ರಗಳು ಸವೆದಿದ್ದುವು, ವಿದ್ಯುಚ್ಛಕ್ತಿಯನ್ನು ತಿನ್ನುತ್ತಿದ್ದುವು, ಅವುಗಳ ಪ್ರಸಾರವನ್ನು ನೋಡುವವರು ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದರು. ನೋಡುವವರು ಕೆಲವರೇ ಎಂಬುದು ನಿಜ. ಆದರೆ ಆ ಕೆಲವರು ಯಾರು? ಕೇಬಲ್ಲಿಗೆ ತಿಂಗಳಿಗಿಷ್ಟೆಂದು ಕೊಡಲಾರದವರು, ಕೇಬಲ್ಲಿನವನು ತಂತಿ ಎಳೆಯಲು ಒಪ್ಪದ ಒಂಟಿ ಮನೆಗಳವರು, ಮುದುಕರು. ಸಂಖ್ಯೆ ಕಡಿಮೆಯಾದಷ್ಟೂ ಅವರಿಗೆ ಪೆಟ್ಟಿಗೆ ಕೊಡುವ ವೆಚ್ಚವೂ ಕಡಿಮೆಯಾಗಬೇಕಲ್ಲವೇ? ಕೆಲವರೇ ಎಂಬ ಕಾರಣವನ್ನು ಪ್ರಸಾರವನ್ನು ನಿಲ್ಲಿಸಲು ಹೇಳಿದವರು, ಸಹಾಯ ಮಾಡಲು ಏಕೆ ಹೇಳಲಿಲ್ಲ?

ಇದು ಬರಿಯ ಮನರಂಜನೆಯ ಮಾತಲ್ಲವೆಂಬುದನ್ನು ೨೦೨೦ನೆಯ ಇಸವಿಯು ನಮಗೆಲ್ಲ ತೋರಿಸಿಕೊಟ್ಟಿತು. ಸಾಂಕ್ರಾಮಿಕ ರೋಗದ ಕಾರಣದಿಂದ ಶಾಲೆಗಳು ಮುಚ್ಚಿದಾಗ, ಆ ವರ್ಷದ ಜುಲೈಯಲ್ಲಿ ನಮ್ಮ ರಾಜ್ಯದ ಶಿಕ್ಷಣ ಇಲಾಖೆಯವರು ಎಂಟು, ಒಂಬತ್ತು, ಹತ್ತನೆಯ ತರಗತಿಗಳ ಪಾಠಗಳನ್ನು ದೂರದರ್ಶನದ ಚಂದನ ವಾಹಿನಿಯಿಂದ ಪ್ರಸಾರಮಾಡಿದರು. ಯೋಜನೆ ಶ್ಲಾಘ್ಯವಾಗಿತ್ತು. ಆದರೆ ಮನೆಯಲ್ಲಿ ಟಿ.ವಿ.ಯಿಲ್ಲದ ಮಕ್ಕಳ ಗತಿಯೇನು? ಗದಗ ಜಿಲ್ಲೆಯ ಒಬ್ಬ ತಾಯಿಯು ಮಕ್ಕಳ ಪಾಠ ತಪ್ಪಬಾರದೆಂದು ತನ್ನ ಮಾಂಗಲ್ಯದ ಸರವನ್ನು ಒತ್ತೆಯಿಟ್ಟು ಟಿ.ವಿ. ತಂದ ಸಂಗತಿಯು ಆ ತಿಂಗಳಲ್ಲಿ ಪತ್ರಿಕೆಗಳಲ್ಲೆಲ್ಲ ಬಂದಿತು. ವಿಷಯ ಹೊರಬಿದ್ದೊಡನೆ ಧನಸಹಾಯ ಮಾಡಲು ಹಲವರು ಮುಂದಾದುದು ನಿಜ. ಸುದ್ದಿಯಾಗದ ಮನೆಗಳಲ್ಲಿ ಏನೇನು ಒತ್ತೆ ಬಿದ್ದಿತೋ ಬರೆದಿಟ್ಟವರಿಲ್ಲ. ಪಾಠವು ಆಕಾಶದಲ್ಲಿ ಧಾರಾಳವಾಗಿ ಹರಿಯುತ್ತಿದ್ದರೂ, ಅದನ್ನು ಮನೆಯೊಳಕ್ಕೆ ಇಳಿಸಿಕೊಳ್ಳುವ ಸಾಧನವು ಕೊರಳ ಸರದ ಬೆಲೆಗೆ ಸಿಕ್ಕಿತೆಂಬುದು ಆ ತಾಯಿಯ ಕತೆಯ ಅರ್ಥ. ಇಂಥ ಅನುಭವವಾದ ಎರಡು ವರ್ಷಗಳೊಳಗೆ, ಹಣ ಕೊಡದೆ ನೋಡಬಹುದಾಗಿದ್ದ ಹಳೆಯ ದಾರಿಯನ್ನು ಬದಲು ಏರ್ಪಾಡು ಪೂರ್ಣವಾಗುವ ಮುನ್ನವೇ ಮುಚ್ಚಿದರು.

ಬದಲು ಏರ್ಪಾಡು ಆಮೇಲೆ ಬಂದಿತು. ೨೦೨೩ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು ಒಪ್ಪಿಗೆಯಿತ್ತ ೨,೫೩೯ ಕೋಟಿ ರೂಪಾಯಿಗಳಿಗೂ ಮಿಕ್ಕ ಪ್ರಸಾರಾಭಿವೃದ್ಧಿಯ ಯೋಜನೆಯಲ್ಲಿ, ದುರ್ಗಮವಾದ, ಆದಿವಾಸಿಗಳ, ಗಡಿನಾಡಿನ ಮತ್ತು ನಕ್ಸಲ ಹಾವಳಿಯ ಪ್ರದೇಶಗಳವರಿಗೆ ೮ ಲಕ್ಷಕ್ಕೂ ಹೆಚ್ಚು ಫ್ರೀ ಡಿಶ್ ಪೆಟ್ಟಿಗೆಗಳನ್ನು ಬೆಲೆಯಿಲ್ಲದೆ ಹಂಚುವ ಮಾತಿದೆ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೂ ಹಾಕಿದ್ದು ಒಳ್ಳೆಯದೇ. ಆದರೆ ದಾರಿದ್ರ್ಯವು ಗಡಿಯಲ್ಲಿಯೂ ಕಾಡಿನಲ್ಲಿಯೂ ಮಾತ್ರ ವಾಸಿಸುವುದಿಲ್ಲ. ಬಯಲುಸೀಮೆಯ ನಟ್ಟನಡುವಿನ ಹಳ್ಳಿಯ ಕೂಲಿಯವನ ಮನೆಯು ಈ ಪಟ್ಟಿಯ ಯಾವ ಕಲಮಿಗೂ ಸೇರುವುದಿಲ್ಲ.

ಫ್ರೀ ಡಿಶ್ಶಿನ ಗುಣವನ್ನು ನಾವು ಮುಕ್ತಕಂಠದಿಂದ ಒಪ್ಪುತ್ತೇವೆ. ೨೦೦೪ರ ಡಿಸೆಂಬರಿನಲ್ಲಿ ಆರಂಭವಾದ ಈ ಸೇವೆಗೆ ತಿಂಗಳ ಚಂದಾ ಇಲ್ಲ. ಡಿಶ್ಶು ಮತ್ತು ಪೆಟ್ಟಿಗೆಗೆ ಒಮ್ಮೆ ಹಣ ಹಾಕಿದರೆ ಮುಗಿಯಿತು. ಚಂದನವೂ ಅದರಲ್ಲಿ ಬರುತ್ತದೆ. ಆದರೆ ಕನ್ನಡಿಗನಿಗೆ ಅದರಲ್ಲಿ ಎರಡು ಕೊರತೆಗಳಿವೆ. ಮೊದಲನೆಯದು, ಖಾಸಗಿ ವಾಹಿನಿಗಳಿಗೆ ಅದರಲ್ಲಿಯ ಸ್ಥಾನಗಳನ್ನು ಹರಾಜಿನಿಂದ ಕೊಡುವ ಪದ್ಧತಿಯಿರುವುದರಿಂದ, ಸ್ಥಾನ ಹಿಡಿದವುಗಳಲ್ಲಿ ಬಹುಪಾಲು ಹಿಂದೀ ವಾಹಿನಿಗಳೇ ಆಗುತ್ತ ಬಂದಿವೆ. ಕೂಗುಬೆಲೆ ಏರಿಸಬಲ್ಲವನ ಭಾಷೆಯೇ ಬಡವನ ಮನೆಯ ಭಾಷೆಯಾಗಬೇಕೆಂಬ ನಿಯಮವು ಸಾರ್ವಜನಿಕ ಪ್ರಸಾರಕ್ಕೆ ಭೂಷಣವಲ್ಲ. ಎರಡನೆಯದು ಪ್ರಕೃತಿಯ ತೊಡಕು. ಮನೆಯ ಚಿಕ್ಕ ಡಿಶ್ಶಿಗೆ ಬರುವ ಉಪಗ್ರಹದ ತರಂಗವನ್ನು ಜೋರು ಮಳೆಯು ಹೀರಿಕೊಳ್ಳುತ್ತದೆ. ಡಿಶ್ಶಿಗೆ ಆಕಾಶವು ಮರೆಯಿಲ್ಲದೆ ಕಾಣಬೇಕು. ಆಷಾಢ ಶ್ರಾವಣಗಳಲ್ಲಿ ಮಲೆನಾಡಿನ ಅಡಕೆ ತೋಟದ ನಡುವಿನ ಮನೆಗೆ ಇವೆರಡೂ ಒಮ್ಮೆಗೇ ಎದುರಾಗುತ್ತವೆ. ಹೊಳೆ ಉಕ್ಕಿದ ಸುದ್ದಿಯು ಅತ್ಯಂತ ಅಗತ್ಯವಾದ ರಾತ್ರಿಯಲ್ಲಿಯೇ ಪರದೆ ಕತ್ತಲಾಗುವ ಸಂಭವ ಹೆಚ್ಚು. ಬೆಟ್ಟಸೀಮೆಯಲ್ಲಿ ಹಳೆಯ ಗೋಪುರದ ಚಿತ್ರವೂ ಅಷ್ಟೇನೂ ಸೊಗಸಾಗಿರಲಿಲ್ಲ ಎಂದು ಆ ಸೀಮೆಯವರೇ ಹೇಳಿಯಾರು. ಆದರೆ ಅದು ಮಸುಕಾಗಿಯಾದರೂ ಮಾತನಾಡುತ್ತಿತ್ತು.

ಈ ಎಲ್ಲ ಪ್ರಸಂಗದಿಂದ ಹೊರಡುವ ಮಾತು ಒಂದೇ: ಸಿದ್ಧತೆಯನ್ನು ಪ್ರಸಾರಯಂತ್ರದಿಂದಲ್ಲ, ಸ್ವೀಕಾರಯಂತ್ರದಿಂದ ಆರಂಭಿಸತಕ್ಕದ್ದು. ರೇಡಿಯೋದ ಸಂಗತಿಯನ್ನು ಈಗ ಈ ಮಾತಿನ ಬೆಳಕಿನಲ್ಲಿ ನೋಡಬೇಕು. ಆಕಾಶವಾಣಿಯವರು ಮಧ್ಯಮ ತರಂಗದ ೩೦ಕ್ಕೂ ಹೆಚ್ಚು ಡಿಜಿಟಲ್ ಪ್ರಸಾರಯಂತ್ರಗಳನ್ನು ಈಗಾಗಲೇ ಸ್ಥಾಪಿಸಿದ್ದಾರೆ, ಬೆಂಗಳೂರಿನದು ಅವುಗಳಲ್ಲೊಂದು. ಖಾಸಗಿ ಕೇಂದ್ರಗಳ ಡಿಜಿಟಲ್ ರೇಡಿಯೋ ನೀತಿಯ ಬಗ್ಗೆ ಟ್ರಾಯ್‌ನವರು ೨೦೨೪ರ ಸೆಪ್ಟೆಂಬರಿನಲ್ಲಿ ಸಮಾಲೋಚನಾ ಪತ್ರವನ್ನು ಹೊರಡಿಸಿದರು. ಯಂತ್ರಗಳಿಗೆ ಸಾರ್ವಜನಿಕರ ಹಣ ಹೋಗಿದೆ. ಆದರೆ ನಮ್ಮ ವಾಚಕರಲ್ಲಿ ಎಷ್ಟು ಜನರು ಡಿಜಿಟಲ್ ರೇಡಿಯೋ ಒಂದನ್ನು ಕಣ್ಣಾರೆ ಕಂಡಿದ್ದಾರೆ? ಕೆಲವು ಹೊಸ ಮೋಟಾರು ಕಾರುಗಳಲ್ಲಿ ಅದುಂಟು. ಹೊಲದ ಬದುವಿನಲ್ಲಿ, ಚಹಾದ ಅಂಗಡಿಯಲ್ಲಿ, ನೇಕಾರನ ಮಗ್ಗದ ಮಗ್ಗುಲಲ್ಲಿ ಅದಿಲ್ಲ. ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರ ಕೇಂದ್ರದಿಂದ 'ಆಕಾಶವಾಣಿ' ಎಂಬ ಹೆಸರು ದೇಶಕ್ಕೆಲ್ಲ ದೊರೆಯಿತು. ಆ ಹೆಸರು ಹುಟ್ಟಿದ ನಾಡಿನಲ್ಲಿ ಅನಲಾಗ್ ಪ್ರಸಾರವನ್ನು ನಿಲ್ಲಿಸುವ ತಾರೀಖು ಮೊದಲು ಗೊತ್ತಾಗಿ, ಸಾಮಾನ್ಯನು ಕೊಳ್ಳಬಲ್ಲ ಸ್ವೀಕಾರಯಂತ್ರವು ಆಮೇಲೆ ಬರುವಂತಾದರೆ, ಗೋಪುರಗಳ ಕಥೆಯೇ ಮರುಕಳಿಸುವುದು.

ಹಾಗಾಗದಿರಲು ಏನು ಮಾಡಬೇಕೆಂಬುದು ಗಹನವಾದ ಶಾಸ್ತ್ರವೇನಲ್ಲ. ಪೆಟ್ಟಿಗೆಯ ಅಗತ್ಯವೇ ಇಲ್ಲದಂತೆ ಉಪಗ್ರಹದ ಪ್ರಸಾರವನ್ನು ನೇರವಾಗಿ ಹಿಡಿಯುವ ಟಿ.ವಿ.ಗಳಿಗೆ ಭಾರತೀಯ ಮಾನಕ ಬ್ಯೂರೋದವರು ೨೦೨೨ರಲ್ಲಿಯೇ ಮಾನಕವನ್ನು ರಚಿಸಿದ್ದಾರೆ. ಮಾನಕವಿದ್ದರೆ ಸಾಲದು, ಇಂತಿಂಥ ತಾರೀಖಿನ ತರುವಾಯ ಮಾರುವ ಪ್ರತಿಯೊಂದು ಟಿ.ವಿ.ಯಲ್ಲಿಯೂ ಆ ಭಾಗವು ಇರತಕ್ಕದ್ದೆಂದು ಆಜ್ಞೆಯಾಗಬೇಕು. ರೇಡಿಯೋಕ್ಕೂ ಇದೇ ನಿಯಮವನ್ನು, ಪ್ರಸಾರ ನಿಲ್ಲಿಸುವುದಕ್ಕೆ ಬಹುಕಾಲ ಮೊದಲೇ ತರಬೇಕು. ಮೊಬೈಲಿಗೆ ನೇರವಾಗಿ ಟಿ.ವಿ. ಪ್ರಸಾರ ಮಾಡುವ ವಿಧಾನವನ್ನು ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್‌ನವರು ಸಿದ್ಧಪಡಿಸಿ, ಆ ನಗರದಲ್ಲಿ ಪ್ರಯೋಗವೂ ನಡೆದಿದೆ. ಅದು ಫಲಿಸಿದರೆ ಸಂತೋಷವೇ. ಆದರೆ ಅಲ್ಲಿಯೂ ತರಂಗವನ್ನು ಹಿಡಿಯುವ ಭಾಗವಿರುವ ಮೊಬೈಲು ಯಾರ ಕೈಯಲ್ಲಿದೆಯೆಂಬುದೇ ಮೊದಲ ಪ್ರಶ್ನೆಯಾಗಿ ನಿಲ್ಲುವುದು.

ಪ್ರಸಾರವು ಕೇಂದ್ರದ ವಿಷಯ, ನಮಗೆ ಸಂಬಂಧವಿಲ್ಲವೆಂದು ಬೆಂಗಳೂರಿನ ಕಚೇರಿಗಳು ಹೇಳುವುದನ್ನು ನಾವು ಒಪ್ಪಲಾರೆವು. ಗಾಳಿ ಕೇಂದ್ರದ್ದಿರಬಹುದು, ಪಾಠಗಳು ರಾಜ್ಯದವು, ನೆರೆಯ ಎಚ್ಚರಿಕೆ ರಾಜ್ಯದ್ದು, ರೈತನಿಗೆ ಹೇಳಬೇಕಾದ ಮಾತು ರಾಜ್ಯದ್ದು. ಯಾವ ಮನೆ ಬಡವರದು ಎಂಬ ಪಟ್ಟಿಯೂ ರೇಶನ್ ಕಾರ್ಡುಗಳ ರೂಪದಲ್ಲಿ ರಾಜ್ಯದವರ ಕೈಯಲ್ಲಿಯೇ ಇದೆ. ಯಾವ ಮನೆಯಲ್ಲಿ ಟಿ.ವಿ. ಇದೆ, ಯಾವ ಮನೆಯಲ್ಲಿ ಟಿ.ವಿ. ಇದ್ದೂ ಪ್ರಸಾರವಿಲ್ಲ, ಯಾವ ಮನೆಯಲ್ಲಿ ರೇಡಿಯೋವೊಂದೇ ಆಧಾರವೆಂಬುದನ್ನು ಪಂಚಾಯತಿಯ ಗುಮಾಸ್ತನೊಬ್ಬನು ಒಂದು ವಾರದಲ್ಲಿ ಬರೆದು ತರಬಲ್ಲನು. ಆ ಮೂರು ಅಂಕಣಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ನಮ್ಮ ಪಾರ್ಲಿಮೆಂಟಿನ ಸದಸ್ಯರು ದಿಲ್ಲಿಗೆ ಹೋಗಿ, ಪೆಟ್ಟಿಗೆಗಳ ಹಂಚಿಕೆಯಲ್ಲಿ ಕರ್ನಾಟಕದ ಪಾಲನ್ನೂ ಫ್ರೀ ಡಿಶ್ಶಿನಲ್ಲಿ ಕನ್ನಡಕ್ಕೆ ಹರಾಜಿಲ್ಲದ ಸ್ಥಾನಗಳನ್ನೂ ಕೇಳಬೇಕು. ಪಟ್ಟಿಯನ್ನು ಬರೆಯುವ ಕೆಲಸವನ್ನು ಗದಗ ಜಿಲ್ಲೆಯಿಂದಲೇ ಆರಂಭಿಸಬಹುದೆಂದು ರಾಜ್ಯ ಸರಕಾರದವರಿಗೆ ಸೂಚಿಸುತ್ತೇವೆ.